ನರಿಮೊಗರಿನ ತಲೆಯ ಮೇಲೆ 25,000 ವೋಲ್ಟ್

ಪುತ್ತೂರಿನಿಂದ ಕಾಣಿಯೂರು ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ನರಿಮೊಗರು. ಅಡಿಕೆ ತೋಟ, ನಡುವೆ ರಬ್ಬರು, ಗುಡ್ಡ ಕಡಿದು ಎಳೆದ ಹಳಿ. ಕಬಕ ಪುತ್ತೂರು ಬಿಟ್ಟ ರೈಲು ಸುಬ್ರಹ್ಮಣ್ಯದ ಕಡೆ ಹೋಗುವಾಗ ಸಿಗುವ ಮೊದಲ ನಿಲ್ದಾಣ ಇದು. ಇದಾದ ಮೇಲೆ ಕಾಣಿಯೂರು, ಎಡಮಂಗಲ, ಕೋಡಿಂಬಾಳ, ಕೊನೆಗೆ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್. ಹಳಿಯ ಪಕ್ಕ ಈಗ ಸಾಲಾಗಿ ಕಬ್ಬಿಣದ ಕಂಬ, ಮೇಲೆ ತಾಮ್ರದ ತಂತಿ. ಹಳಿಯ ಹತ್ತಿರ ನಿಂತು ತಂತಿ ನೋಡುತ್ತಿದ್ದಾಗ ಹಿರಿಯರೊಬ್ಬರು ಪಕ್ಕಕ್ಕೆ ಬಂದು ನಿಂತರು. ಬಾಯಿಯಲ್ಲಿದ್ದ ಎಲೆಯಡಿಕೆ ಉಗಿದು ಕೇಳಿದರು: “ಕರೆಂಟು ಬಂತಲ್ಲ ಮಾರಾಯ್ರೆ, ಇನ್ನು ರೈಲು ಯಾವಾಗ?”

ತಂತಿ ಮತ್ತು ರೈಲು ಬೇರೆ ಬೇರೆ ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ನನಗೆ ಅದು ಅರ್ಥವಾಗಲು ಫ್ರಾನ್ಸಿನ ಒಂದು ಗುಡ್ಡಗಾಡು ಸೀಮೆಯವರೆಗೆ ಹೋಗಿ ಬರಬೇಕಾಯಿತು, ಪುಸ್ತಕದಲ್ಲಿ ಮಾತ್ರ.

ಮೊದಲು ರೈಲು, ಆಮೇಲೆ ತಂತಿ. ಇಎಂಯು, ಅಂದರೆ ಎಂಜಿನ್ ಇಲ್ಲದ ವಿದ್ಯುತ್ ರೈಲಿನ ಕತೆ ಅಮೆರಿಕದ ಒಬ್ಬ ಹುಡುಗನಿಂದ ಶುರುವಾಗುತ್ತದೆ. ಫ್ರಾಂಕ್ ಸ್ಪ್ರೇಗ್ ಎಂಬ ಎಂಜಿನಿಯರ್ ಎತ್ತರದ ಕಟ್ಟಡಗಳಿಗೆ ವಿದ್ಯುತ್ ಲಿಫ್ಟ್ ಮಾಡುತ್ತಿದ್ದವನು. ಹಲವು ಲಿಫ್ಟುಗಳನ್ನು ಒಂದೇ ಕಡೆಯಿಂದ ನಡೆಸಬಹುದಾದರೆ, ಹಲವು ಡಬ್ಬಿಗಳ ಮೋಟರುಗಳನ್ನು ಒಂದೇ ಹಿಡಿಕೆಯಿಂದ ನಡೆಸಬಾರದೇಕೆ ಎಂದು ಅವನಿಗೆ ಹೊಳೆಯಿತು. 1897ರ ಜುಲೈಯಲ್ಲಿ ಸ್ಕೆನೆಕ್ಟಡಿ ಎಂಬಲ್ಲಿ ಆರು ಡಬ್ಬಿಗಳ ರೈಲು ಜೋಡಿಸಿ, ಚಾಲಕನ ಜಾಗದಲ್ಲಿ ತನ್ನ 10 ವರ್ಷದ ಮಗ ಡೆಸ್ಮಂಡನನ್ನು ನಿಲ್ಲಿಸಿದ. ಹುಡುಗ ರೈಲು ಓಡಿಸಿಯೇಬಿಟ್ಟ. ಬಂಡವಾಳ ಹಾಕುವವರ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಉಪಾಯ ಇರಲಿಕ್ಕಿಲ್ಲ. ಷಿಕಾಗೋದ ಮೇಲುಹಾದಿಯ ರೈಲಿಗೆ ಆ ಪದ್ಧತಿ ಬಂತು. ಅಲ್ಲಿಂದ ಲೋಕಕ್ಕೆಲ್ಲ ಹರಡಿತು.

ಇದರ ಗುಟ್ಟು ಸರಳ. ಎಂಜಿನ್ ಎಳೆಯುವ ರೈಲಿನಲ್ಲಿ ಎಲ್ಲ ಬಲವೂ ಮುಂದಿನ ಒಂದೇ ಗಾಡಿಯ ಚಕ್ರಗಳಲ್ಲಿ. ಉಳಿದ ಡಬ್ಬಿಗಳು ಅದರ ಹಿಂದೆ ಹೊರೆ. ಇಎಂಯುವಿನಲ್ಲಿ ಮೋಟರುಗಳು ರೈಲಿನುದ್ದಕ್ಕೂ ಡಬ್ಬಿಗಳ ಅಡಿಯಲ್ಲಿ ಹಂಚಿಕೊಂಡಿರುತ್ತವೆ. ಹಾಗಾಗಿ ನಿಂತ ರೈಲು ಬೇಗ ವೇಗ ಹಿಡಿಯುತ್ತದೆ. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಕೊನೆಯ ನಿಲ್ದಾಣ ಮುಟ್ಟಿದ ಮೇಲೆ ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ, ಮತ್ತೊಂದು ತುದಿಗೆ ಕಟ್ಟುವ ತಾಪತ್ರಯ ಇಲ್ಲ. ಚಾಲಕ ಈ ಕೋಣೆಯಿಂದ ಇಳಿದು ಆ ಕೋಣೆಗೆ ನಡೆದರೆ ಮುಗಿಯಿತು. ದೂರದೂರಿಗೆ ನಿಲ್ಲದೆ ಓಡುವ ರೈಲಿಗೆ ಇದರಿಂದ ಅಂಥ ಲಾಭವಿಲ್ಲದಿರಬಹುದು. ಐದು, ಹತ್ತು ಕಿಲೋಮೀಟರಿಗೆ ಒಮ್ಮೆ ನಿಂತು ಹೊರಡುವ ಊರ ರೈಲಿಗೆ ಇದೇ ಜೀವಾಳ.

ಭಾರತಕ್ಕೆ ಇದು 1925ರ ಫೆಬ್ರವರಿ 3ರಂದು ಬಂತು. ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, 1,500 ವೋಲ್ಟ್ ಡಿಸಿ ಕರೆಂಟಿನ ಮೇಲೆ. 1931ರಲ್ಲಿ ಮದ್ರಾಸಿನ ಬೀಚ್ ನಿಲ್ದಾಣದಿಂದ ತಾಂಬರಂಗೆ ಮೀಟರ್ ಗೇಜಿನ ಮೇಲೆಯೇ ವಿದ್ಯುತ್ ಲೋಕಲ್ ಓಡತೊಡಗಿತು. ನಮ್ಮ ಪುತ್ತೂರು ತಾಲೂಕು ಆಗ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತೆಂಬುದು ನೆನಪಿರಲಿ. ಪ್ರಾಂತ್ಯದ ರಾಜಧಾನಿಯಲ್ಲಿ ಕರೆಂಟಿನ ರೈಲು. ಅದೇ ಪ್ರಾಂತ್ಯದ ಪುತ್ತೂರಿನಲ್ಲಿ ರೈಲೇ ಇಲ್ಲ. ರೈಲು ನೋಡಬೇಕೆಂದರೆ ಮಂಗಳೂರಿಗೇ ಹೋಗಬೇಕು. ಅಲ್ಲಿಗೆ 1907ರಲ್ಲಿ ಕೇರಳದ ಕಡೆಯಿಂದ ಬ್ರಾಡ್ ಗೇಜ್ ಹಳಿ ಬಂದು ನಿಂತಿತ್ತು. ಅದರಾಚೆ ಪೂರ್ವಕ್ಕೆ ಹಳಿ ಇಲ್ಲ, ಘಟ್ಟ.

ನರಿಮೊಗರಿನ ತಂತಿಯಲ್ಲಿರುವುದು ಬೊಂಬಾಯಿಯ ಹಳೆಯ 1,500 ವೋಲ್ಟ್ ಅಲ್ಲ, 25,000 ವೋಲ್ಟ್. ಡಿಸಿ ಅಲ್ಲ, ನಮ್ಮ ಮನೆಗೆ ಬರುವ ಅದೇ 50 ಹರ್ಟ್ಸಿನ ಎಸಿ. ಅದರ ಮೂಲ ಹುಡುಕಿದರೆ ಮೊದಲು ಸಿಗುವುದು ಜರ್ಮನಿಯ ಕಪ್ಪುಕಾಡಿನ ಒಂದು ಘಾಟಿ, ಹೊಲ್ಲೆಂಟಾಲ್. ಹೆಸರಿನ ಅರ್ಥವೇ ನರಕದ ಕಣಿವೆ. ಸಾಮಾನ್ಯ ವಿದ್ಯುತ್ ಜಾಲದ 50 ಹರ್ಟ್ಸಿನ ಕರೆಂಟನ್ನೇ 20,000 ವೋಲ್ಟಿನಲ್ಲಿ ರೈಲಿಗೆ ಕೊಡಬಹುದೇ ಎಂದು ಜರ್ಮನರು 1936ರಿಂದ ಅಲ್ಲಿ ಪ್ರಯೋಗ ಮಾಡುತ್ತಿದ್ದರು. ಯುದ್ಧ ಮುಗಿಯಿತು, ಜರ್ಮನಿ ಸೋತಿತು, ಆ ಪ್ರದೇಶ ಫ್ರೆಂಚ್ ಸೇನೆಯ ವಶಕ್ಕೆ ಬಂತು. ಫ್ರೆಂಚ್ ರೈಲ್ವೆಯ ಎಂಜಿನಿಯರುಗಳು ಆ ಹಳಿಯನ್ನು, ಅದರ ಎಂಜಿನ್ನುಗಳನ್ನು ಕಣ್ಣಿಟ್ಟು ನೋಡಿದರು. ಅವರಲ್ಲಿ ಮುಖ್ಯನಾದವನು ಲೂಯಿ ಆರ್ಮಾಂ. ಆಲ್ಪ್ಸ್ ತಪ್ಪಲಿನ ಸವಾಯ್ ಸೀಮೆಯ ಕ್ರೂಸೇಯ್ ಎಂಬ ಊರಲ್ಲಿ 1905ರಲ್ಲಿ ಹುಟ್ಟಿದವನು. ಮುಂದೆ ಫ್ರೆಂಚ್ ರೈಲ್ವೆಗೇ ಮುಖ್ಯಸ್ಥನಾದ.

ಆರ್ಮಾಂ ಪ್ರಯೋಗಕ್ಕೆ ಆರಿಸಿದ್ದು ತನ್ನ ಸೀಮೆಯದೇ ಹಳಿ: ಏಕ್ಸ್ ಲೆ ಬ್ಯಾಂನಿಂದ ಆನ್ಸಿ ಮಾರ್ಗವಾಗಿ ಲಾ ರೋಷ್ ಸ್ಯೂರ್ ಫೊರಾಂಗೆ ಹೋಗುವ 78 ಕಿ.ಮೀ. ಒಂಟಿ ದಾರಿ. ಏರು, ತಿರುವು, ಸುರಂಗ, ಸಣ್ಣ ಸಣ್ಣ ನಿಲ್ದಾಣ. ಒಂಟಿ ಹಳಿ, ಗುಡ್ಡ, ಅಲ್ಲೊಂದು ಇಲ್ಲೊಂದು ಊರು ಎಂದಾಗ ಪುತ್ತೂರಿನವನಿಗೆ ತನ್ನ ಕಡೆಯದೇ ನೆನಪಾಗುತ್ತದೆ. 1950ರಲ್ಲಿ ಅಲ್ಲಿ ತಂತಿಗೆ ಕರೆಂಟು ಹರಿಯಿತು. 1951ರಲ್ಲಿ ಆನ್ಸಿಯಲ್ಲಿ ಸಮ್ಮೇಳನ ಕರೆದು ಬೇರೆ ದೇಶಗಳ ರೈಲ್ವೆಯವರಿಗೂ ಅದನ್ನು ತೋರಿಸಿದರು. ಲೆಕ್ಕಾಚಾರ ಹೀಗಿತ್ತು: ವೋಲ್ಟೇಜು ಹೆಚ್ಚಿದಷ್ಟೂ ತಂತಿ ತೆಳ್ಳಗಿದ್ದರೆ ಸಾಕು, ಸಬ್‌ಸ್ಟೇಷನ್ನುಗಳು ದೂರ ದೂರ ಇದ್ದರೂ ನಡೆಯುತ್ತದೆ. 1,500 ವೋಲ್ಟ್ ಡಿಸಿಗೆ ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್ ಬೇಕು. ಹೊಸ ಪದ್ಧತಿಗೆ ಹತ್ತಾರು ಕಿಲೋಮೀಟರಿಗೆ ಒಂದು ಇದ್ದರಾಯಿತು. ರೈಲು ಕಡಿಮೆ ಓಡುವ ಬಡ ದಾರಿಗೂ ತಂತಿ ಹಾಕುವುದು ಇದರಿಂದ ಕೈಗೆಟುಕುವ ಮಾತಾಯಿತು.

ಆದರೆ ದೊಡ್ಡ ಪ್ರಮಾಣದಲ್ಲಿ ಅದು ಮೊದಲು ಹೋದದ್ದು ಬಡ ದಾರಿಗಲ್ಲ. ಉತ್ತರ ಫ್ರಾನ್ಸಿನ ವಾಲೆನ್ಸಿಯೆನ್–ತಿಯೋನ್ವಿಲ್ ದಾರಿಗೆ. ಕಲ್ಲಿದ್ದಲು, ಕಬ್ಬಿಣದ ಅದಿರು ಹೊತ್ತು ಗೂಡ್ಸ್ ರೈಲುಗಳು ಎಡೆಬಿಡದೆ ಓಡುವ ದಾರಿ ಅದು. ಅದಿರು ಎಂಬ ಈ ಮಾತನ್ನು ಸ್ವಲ್ಪ ಗಮನದಲ್ಲಿಟ್ಟುಕೊಳ್ಳಿ, ನಮ್ಮ ಕಡೆಗೆ ಬಂದಾಗ ಬೇಕಾಗುತ್ತದೆ.

1950ರ ದಶಕದಲ್ಲಿ ಭಾರತೀಯ ರೈಲ್ವೆ ಯಾವ ಪದ್ಧತಿ ಎಂದು ತಲೆ ಕೆಡಿಸಿಕೊಂಡಿತ್ತು. ಕಲ್ಕತ್ತದ ಕಡೆ 3,000 ವೋಲ್ಟ್ ಡಿಸಿ ಹಾಕಿಯೂ ಆಗಿತ್ತು. ಫ್ರೆಂಚ್ ರೈಲ್ವೆಯ ಸಲಹೆ ಕೇಳಿದರು. 1957ರಲ್ಲಿ 25,000 ವೋಲ್ಟ್ ಎಸಿಯೇ ನಮ್ಮ ದಾರಿ ಎಂದು ತೀರ್ಮಾನವಾಯಿತು. ಕಲ್ಕತ್ತದ ಹೊಸ ತಂತಿಯನ್ನೂ ಆಮೇಲೆ ಬದಲಾಯಿಸಬೇಕಾಯಿತು. ಹೊಸ ಪದ್ಧತಿಯ ಮೊದಲ ರೈಲು 1959ರ ಡಿಸೆಂಬರಿನಲ್ಲಿ ಓಡಿದ್ದು ಈಗಿನ ಜಾರ್ಖಂಡಿನ ರಾಜ್‌ಖರ್ಸ್ವಾನ್–ಡಾಂಗೋಪೋಸಿ ನಡುವೆ. ಅದೂ ಅದಿರಿನ ದಾರಿಯೇ.

ಇನ್ನು ನಮ್ಮ ದಾರಿ. ಮೈಸೂರು ಸೀಮೆಯಿಂದ ಮಂಗಳೂರಿಗೆ ಘಟ್ಟ ಇಳಿದು ರೈಲು ಬರಬೇಕೆಂಬ ಮಾತು ಬ್ರಿಟಿಷರ ಕಾಲದ್ದು. ಕೆಲಸ ಕೈಗೂಡಿದ್ದು 1960ರ ದಶಕದಲ್ಲಿ, ಮಂಗಳೂರಿಗೆ ದೊಡ್ಡ ಬಂದರು ಬರುತ್ತದೆ ಎಂದಾದಾಗ. ಪಣಂಬೂರಿನ ಬಂದರಿಗೆ ಒಳನಾಡಿನ ಸರಕು ಬೇಕಿತ್ತು, ಒಳನಾಡಿನ ಸರಕಿಗೆ ಬಂದರು ಬೇಕಿತ್ತು. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ತುಂಡುತುಂಡಾಗಿ ತೆರೆಯುತ್ತಾ ಬಂದು, ಘಾಟಿಯೂ ಸೇರಿ 1979ರಲ್ಲಿ ಪೂರ್ತಿಯಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ. ಅಷ್ಟರಲ್ಲಿ 57 ಸುರಂಗ. 50 ಅಡಿ ಮುಂದೆ ಹೋದರೆ ಒಂದಡಿ ಇಳಿಯುವ ಕಡಿದಾದ ಇಳುಕಲು. ನಡುವೆ ಎಡಕುಮೇರಿ; ಕಾಡಿನ ಆ ನಿಲ್ದಾಣವನ್ನು ನಮ್ಮ ಕಡೆಯ ಚಾರಣದ ಹುಡುಗರೆಲ್ಲ ಬಲ್ಲರು. ಪುತ್ತೂರಿಗೆ ಅಂತೂ ರೈಲು ಬಂದಿತ್ತು, ಮದ್ರಾಸಿನಲ್ಲಿ ವಿದ್ಯುತ್ ಲೋಕಲ್ ಶುರುವಾಗಿ ಹೆಚ್ಚುಕಡಿಮೆ ಅರ್ಧ ಶತಮಾನ ಕಳೆದ ಮೇಲೆ.

ಬಂದದ್ದು ಬಹಳ ವರ್ಷ ನೆಟ್ಟಗೆ ನಿಲ್ಲಲಿಲ್ಲ. 1990ರ ದಶಕದ ನಡುವಿನಲ್ಲಿ ಬ್ರಾಡ್ ಗೇಜ್ ಮಾಡುತ್ತೇವೆಂದು ಘಾಟಿಯ ದಾರಿ ಮುಚ್ಚಿದರು. ಮುಚ್ಚಿದ್ದು ತೆರೆಯಲು 10 ವರ್ಷ ಹಿಡಿಯಿತು. ಕೆಲಸ ಕುಂಟಿದ್ದನ್ನು ಕಂಡು 2003ರಲ್ಲಿ ಕರ್ನಾಟಕ ಸರಕಾರ ಮತ್ತು ರೈಲ್ವೆ ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ನಿಗಮ ಎಂಬ ಕಂಪನಿ ಕಟ್ಟಿದವು. ಆ ಕಂಪನಿಯ ಲೆಕ್ಕಪತ್ರ ನಿಂತಿದ್ದುದು ಬಳ್ಳಾರಿ–ಹೊಸಪೇಟೆಯ ಅದಿರಿನ ಮೇಲೆ. 2006ರ ಮೇ ತಿಂಗಳಲ್ಲಿ ಗೂಡ್ಸ್ ಓಡಿತು. ಘಾಟಿ ದಾಟುವ ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಅದಿರಿಗೂ ಮನುಷ್ಯನಿಗೂ ನಡುವೆ ಒಂದೂವರೆ ವರ್ಷದ ಅಂತರ. ಆ ಅದಿರಿನ ಹಬ್ಬವೂ ಹೆಚ್ಚು ದಿನ ಬಾಳಲಿಲ್ಲ. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತಿಗೆ ತಡೆ ಹಾಕಿತು, ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು.

ರಾಜ್ಯ ಸರಕಾರ ಈ ಹಳಿಗೆ ದುಡ್ಡು ಹಾಕಿತ್ತು ಎಂಬುದು ನನ್ನನ್ನು ಕಾಡುವ ಸಂಗತಿ. ದುಡ್ಡು ಕೊಟ್ಟವರು ಹಳಿ ಕೇಳಿದರು, ಸರಕು ಕೇಳಿದರು. ಬೆಳಿಗ್ಗೆ ಎಷ್ಟು ಗಂಟೆಗೆ ಯಾವ ನಿಲ್ದಾಣದಲ್ಲಿ ರೈಲು ನಿಲ್ಲಬೇಕು ಎಂಬುದು ಆ ವ್ಯವಹಾರದ ಭಾಗವಾಗಿರಲಿಲ್ಲ. ಫ್ರಾನ್ಸಿನಲ್ಲಿ ಸರಿಯಾಗಿ ಅದೇ ಕಾಲಕ್ಕೆ ಇದರ ತದ್ವಿರುದ್ಧ ನಡೆಯುತ್ತಿತ್ತು.

ಅಲ್ಲಿಯೂ ಊರ ರೈಲುಗಳ ಪಾಡು ಚೆನ್ನಾಗಿರಲಿಲ್ಲ. 1938ರಲ್ಲಿ ರಾಷ್ಟ್ರೀಯ ರೈಲ್ವೆ ಹುಟ್ಟಿದ ಹೊತ್ತಿನಿಂದಲೇ ಸಣ್ಣ ದಾರಿಗಳು ಮುಚ್ಚತೊಡಗಿದ್ದವು. ಪ್ಯಾರಿಸ್ಸಿನಲ್ಲಿ ಕೂತವರಿಗೆ ಪ್ಯಾರಿಸ್ಸಿಗೆ ಹೋಗುವ ರೈಲೇ ಮುಖ್ಯ. 1981ರಲ್ಲಿ ಅತಿವೇಗದ ಟಿಜಿವಿ ಬಂದ ಮೇಲಂತೂ ಕೇಳುವುದೇ ಬೇಡ. 1984ರಲ್ಲಿ ಪ್ರಾಂತೀಯ ರೈಲುಗಳಿಗೆ ಟಿಇಆರ್ ಎಂಬ ಹೆಸರು ಕೊಟ್ಟರು. ಬರೀ ಹೆಸರಿನಿಂದ ಏನೂ ಆಗಲಿಲ್ಲ. 1997ರಲ್ಲಿ ಕೆಲವು ಪ್ರಾಂತ್ಯಗಳಿಗೆ ಪ್ರಯೋಗವಾಗಿ ಅಧಿಕಾರ ಕೊಟ್ಟರು. 2002ರ ಜನವರಿ 1ರಿಂದ ಪ್ಯಾರಿಸ್ ಸೀಮೆ ಮತ್ತು ಕಾರ್ಸಿಕಾ ಬಿಟ್ಟು ಉಳಿದ ಪ್ರಾಂತ್ಯಗಳಿಗೆಲ್ಲ ಕಾನೂನಿನಂತೆಯೇ ಕೊಟ್ಟರು. ಆಮೇಲೆ ಪ್ರಾಂತ್ಯದ ಮಂಡಳಿ ಹಣ ಕೊಡುವುದು, ಎಷ್ಟು ರೈಲು, ಎಲ್ಲೆಲ್ಲಿ ನಿಲುಗಡೆ ಎಂದು ತೀರ್ಮಾನಿಸುವುದು. ರೈಲ್ವೆ ಕರಾರಿನ ಪ್ರಕಾರ ಓಡಿಸುವುದು. ಹೊಸ ಗಾಡಿಗಳನ್ನು ಕೊಳ್ಳುವ ಖರ್ಚೂ ಪ್ರಾಂತ್ಯಗಳದೇ, ಬಳಿಯುವ ಬಣ್ಣವೂ ಅವುಗಳದೇ.

ಸ್ವಂತ ದುಡ್ಡು ಎಂದ ಮೇಲೆ ಆಯ್ಕೆಯೂ ಬೇರೆಯಾಯಿತು. 2004ರಿಂದ ಸುಮಾರು ಏಳೆಂಟು ವರ್ಷದಲ್ಲಿ ಎಜಿಸಿ ಎಂಬ ಒಂದೇ ಮಾದರಿಯ 700 ರೈಲುಗಳು ಕ್ರೆಸ್ಪಾಂ ಊರಿನ ಬೊಂಬಾರ್ಡಿಯರ್ ಕಾರ್ಖಾನೆಯಿಂದ ಹೊರಬಂದವು. ಅವುಗಳಲ್ಲಿ ಕೆಲವಕ್ಕೆ ಎರಡು ಹೊಟ್ಟೆ: ತಂತಿ ಇರುವಲ್ಲಿ ಕರೆಂಟು, ತಂತಿ ಮುಗಿದಲ್ಲಿ ಡೀಸೆಲ್. ಅರ್ಧ ದಾರಿಗೆ ತಂತಿ ಇದ್ದರೂ ಪ್ರಯಾಣಿಕ ನಡುವೆ ಇಳಿದು ರೈಲು ಬದಲಿಸಬೇಕಾಗಿಲ್ಲ. ಆಮೇಲೆ ಅಲ್‌ಸ್ಟಾಮ್‌ನ ರೆಜಿಯೋಲಿಸ್, ಬೊಂಬಾರ್ಡಿಯರ್‌ನ ಎರಡಂತಸ್ತಿನ ರೆಜಿಯೋ 2ಎನ್ ಬಂದವು.

ಹೀಗೆಂದು ಅಲ್ಲಿಯವರೆಲ್ಲ ಬುದ್ಧಿವಂತರು ಎಂದುಕೊಳ್ಳಬೇಡಿ. 2014ರ ಮೇ ತಿಂಗಳಲ್ಲಿ ‘ಲ ಕನಾರ್ ಆಂಶೆನೆ’ ಎಂಬ ವಿಡಂಬನೆಯ ಪತ್ರಿಕೆ ಒಂದು ಸುದ್ದಿ ಒಡೆಯಿತು: ಹೊಸ ಪ್ರಾಂತೀಯ ರೈಲುಗಳು ಹಳೆಯ ಪ್ಲಾಟ್‌ಫಾರಂಗಳಿಗಿಂತ ದಪ್ಪ! ಹಳಿಯ ಹೊಣೆ ಹೊತ್ತ ಸಂಸ್ಥೆ ಕೊಟ್ಟ ಅಳತೆ ಇತ್ತೀಚೆಗೆ ಕಟ್ಟಿದ ಪ್ಲಾಟ್‌ಫಾರಂಗಳದ್ದು. ಹಳೆಯವು ಹಳಿಗೆ ಇನ್ನೂ ಹತ್ತಿರ ಚಾಚಿಕೊಂಡಿದ್ದವು. ರೈಲು ಕೊಂಡ ಮೇಲೆ ಸುಮಾರು 1,300 ಪ್ಲಾಟ್‌ಫಾರಂಗಳ ಅಂಚು ಕೆತ್ತಬೇಕಾಯಿತು. ಖರ್ಚು 5 ಕೋಟಿ ಯೂರೋ. ರೈಲು ಓಡಿಸುವವರು ಒಂದು ಕಂಪನಿ, ಹಳಿ ನೋಡಿಕೊಳ್ಳುವವರು ಇನ್ನೊಂದು. ಇಬ್ಬರ ನಡುವೆ ಒಂದು ಅಳತೆಪಟ್ಟಿ ಕಳೆದುಹೋಗಿತ್ತು.

ನಕ್ಕು ಮುಗಿಸುವ ಮೊದಲು ನಮ್ಮ ಮಂಗಳೂರಿನ ಕಡೆ ನೋಡಿ. ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ಅದರ ಮುಖ್ಯ ಕಚೇರಿ ಚೆನ್ನೈ. ಪಡೀಲು ದಾಟಿ ಪುತ್ತೂರಿನ ಕಡೆ ತಿರುಗಿದರೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗ, ಮುಖ್ಯ ಕಚೇರಿ ಹುಬ್ಬಳ್ಳಿ. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ, ಅದರ ಕಚೇರಿ ನವಿ ಮುಂಬೈಯಲ್ಲಿ. ಮೂವರು ಯಜಮಾನರ ಗಡಿ ಒಂದೇ ನಗರದಲ್ಲಿ ಕೂಡುತ್ತದೆ. ನರಿಮೊಗರಿನಿಂದ ಮಂಗಳೂರಿಗೆ ಹೋಗುವ ಪ್ರಯಾಣಿಕ ಹುಬ್ಬಳ್ಳಿಯ ಹಳಿಯಲ್ಲಿ ಹತ್ತಿ ಚೆನ್ನೈಯ ಪ್ಲಾಟ್‌ಫಾರಂನಲ್ಲಿ ಇಳಿಯುತ್ತಾನೆ. ಅವನ ರೈಲಿಗೆ ಸೆಂಟ್ರಲ್‌ನಲ್ಲಿ ಜಾಗ ಸಿಗಬೇಕಾದರೆ ಇಬ್ಬರು ಒಪ್ಪಬೇಕು.

ಮಂಗಳೂರು–ಪುತ್ತೂರು ಪ್ಯಾಸೆಂಜರನ್ನು ಸುಬ್ರಹ್ಮಣ್ಯಕ್ಕೆ ಮುಂದುವರಿಸಿ ಎಂಬ ಬೇಡಿಕೆ ಎಷ್ಟು ವರ್ಷ ಎಳೆಯಿತೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ರೈಲು ಕಬಕ ಪುತ್ತೂರಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಹಳಿ ಇತ್ತು, ನಿಲ್ದಾಣಗಳಿದ್ದವು, ಕಾಯುವ ಜನರಿದ್ದರು. ಕಡೆಗೆ 2025ರ ಏಪ್ರಿಲ್ 12ರಂದು ರೈಲ್ವೆ ಖಾತೆಯ ರಾಜ್ಯ ಸಚಿವ ವಿ. ಸೋಮಣ್ಣ ಹಸಿರು ಬಾವುಟ ತೋರಿಸಿದರು, ರೈಲು ಸುಬ್ರಹ್ಮಣ್ಯ ರೋಡಿನವರೆಗೆ ಹೋಯಿತು. ಕಾರ್ಖಾನೆಯಿಂದ ಹೊಸ ಡಬ್ಬಿ ತರಬೇಕಾಗಿರಲಿಲ್ಲ, ಹೊಸ ಹಳಿ ಹಾಕಬೇಕಾಗಿರಲಿಲ್ಲ. ಬೇಕಾಗಿದ್ದುದು ವೇಳಾಪಟ್ಟಿಯಲ್ಲಿ ನಾಲ್ಕು ಸಾಲು.

ತಂತಿಯ ಕೆಲಸಕ್ಕೆ ಬೇರೆಯದೇ ಗತಿ ಇತ್ತು, ಅದು ಓಡಿತು. ಕೊಂಕಣ ರೈಲ್ವೆಯ ರೋಹಾ–ತೋಕೂರು ದಾರಿಯ ವಿದ್ಯುದೀಕರಣವನ್ನು 2022ರ ಜೂನ್ 20ರಂದು ಪ್ರಧಾನಿ ಬೆಂಗಳೂರಿನಲ್ಲಿ ದೇಶಕ್ಕೆ ಅರ್ಪಿಸಿದರು. ಬೆಂಗಳೂರಿನ ಉಪನಗರ ರೈಲಿಗೆ ಅಡಿಗಲ್ಲು ಬಿದ್ದದ್ದೂ ಅದೇ ದಿನ. ಮಡಗಾಂವ್–ಮಂಗಳೂರು ನಡುವೆ ಹಿಂದೆ ಡೀಸೆಲಿನಲ್ಲಿ ಓಡುತ್ತಿದ್ದ ಡೆಮು ಈಗ ಕರೆಂಟಿನಲ್ಲಿ ಓಡುವ ಮೆಮು ಆಗಿದೆ. ತೆಂಕಿಗೆ ಕಣ್ಣೂರಿನ ಕಡೆಯಿಂದಲೂ ಮೆಮು ಬರುತ್ತದೆ. ಪೂರ್ವಕ್ಕೆ ಪಡೀಲಿನಿಂದ ಸುಬ್ರಹ್ಮಣ್ಯ ರೋಡಿನವರೆಗೆ ಮೊದಲು ತಂತಿ ಬಂತು. ಉಳಿದದ್ದು ಘಾಟಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲುಗಳೇ ನಿಂತುಹೋದ ಜಾಗ ಅದು. ಅಂಥಲ್ಲಿ ಸುರಂಗದ ಮಾಡಿಗೆ ಬೋಲ್ಟು ಹೊಡೆದು ತಂತಿ ತೂಗುಹಾಕಬೇಕು. 2025ರ ಡಿಸೆಂಬರ್ ಕೊನೆಯಲ್ಲಿ ವಿದ್ಯುತ್ ಎಂಜಿನ್ ಆ 55 ಕಿ.ಮೀ.ಯಲ್ಲಿ ಪರೀಕ್ಷೆಗೆ ಓಡಿ ಗೆದ್ದಿತು. ಸವಾಯ್ ಗುಡ್ಡದ ಲೆಕ್ಕ ಶಿರಾಡಿ ಘಟ್ಟದ ಕಾಡಿನಲ್ಲೂ ಸರಿಹೊಂದಿತು, 75 ವರ್ಷದ ಮೇಲೆ.

ಘಾಟಿಗೆ ತಂತಿ ಬಂದೊಡನೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ವಂದೇ ಭಾರತ್. ಬೆಂಗಳೂರು–ಮಂಗಳೂರಿಗೆ ಅದು ಬರಲಿ, ಬೇಡವೆನ್ನುವವನು ನಾನಲ್ಲ. ಜಾತಿಯಲ್ಲಿ ಅದೂ ಇಎಂಯುವೇ. ಎಂಜಿನ್ ಇಲ್ಲದ, ಮೋಟರು ಡಬ್ಬಿಗಳಿಗೆ ಹಂಚಿದ ರೈಲು. ಆದರೆ ಅದು ನರಿಮೊಗರಿನಲ್ಲಿ ನಿಲ್ಲುವ ರೈಲಲ್ಲ. ನಿಂತು ಹೊರಡುವುದಕ್ಕೆಂದೇ ಹುಟ್ಟಿದ ಯಂತ್ರವನ್ನು ನಿಲ್ಲದೆ ಓಡುವುದಕ್ಕೇ ಹೆಚ್ಚು ಬಳಸುತ್ತಿದ್ದೇವೆ. ಸ್ಪ್ರೇಗ್ ಬದುಕಿದ್ದರೆ ಏನನ್ನುತ್ತಿದ್ದನೋ.

ನಮ್ಮ ಕಡೆಗೆ ಹೊಂದುವುದು ಮೆಮು. 1990ರ ದಶಕದಲ್ಲಿ ಬಂಗಾಳದ ಆಸನ್‌ಸೋಲ್ ಕಡೆ ಶುರುವಾದ ಗಾಡಿ ಇದು. ಮುಂಬೈ ಲೋಕಲ್ಲಿನ ತಮ್ಮನೆನ್ನಬಹುದು, ಆದರೆ ಹಳ್ಳಿಯಲ್ಲಿ ಬೆಳೆದ ತಮ್ಮ. ಮುಂಬೈಯ ರೈಲಿಗೆ ಎತ್ತರದ ಪ್ಲಾಟ್‌ಫಾರಂ ಬೇಕೇ ಬೇಕು. ಮೆಮುವಿನ ಬಾಗಿಲಿಗೆ ಮೆಟ್ಟಿಲಿದೆ, ತಗ್ಗು ಪ್ಲಾಟ್‌ಫಾರಂನಿಂದಲೂ ಹತ್ತಬಹುದು. ಶೌಚಾಲಯವೂ ಇದೆ. ಒಂದು ಮೋಟರ್ ಡಬ್ಬಿ, ಮೂರು ಬರೀ ಡಬ್ಬಿ, ಹೀಗೆ ನಾಲ್ಕರ ಲೆಕ್ಕದಲ್ಲಿ ಜೋಡಿಸುತ್ತಾರೆ. ಜನ ಹೆಚ್ಚಿದರೆ ಎಂಟು, ಹನ್ನೆರಡು. ಹೊಸ ಮಾದರಿಗಳು ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟನ್ನು ತಂತಿಗೇ ಹಿಂದೆ ಕೊಡುತ್ತವೆ.

ಮೆಟ್ಟಿಲಿನ ಮಾತು ಬಂತಲ್ಲ. ನಮ್ಮ ಕಡೆಯ ಸಣ್ಣ ನಿಲ್ದಾಣವೊಂದರಲ್ಲಿ ಕಂಡದ್ದನ್ನು ಹೇಳಲೇಬೇಕು. ರೈಲು ನಿಂತಿತು. ಅಜ್ಜಿಯೊಬ್ಬರು ಮೊದಲು ಚೀಲ ಒಳಗೆ ಎಸೆದರು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಬಾಗಿಲಿನ ಸರಳು ಹಿಡಿದು, ಒಂದು ಮಂಡಿಯನ್ನು ಮೆಟ್ಟಿಲ ಮೇಲಿಟ್ಟರು. ಒಳಗಿನಿಂದ ಇಬ್ಬರು ಕಾಲೇಜು ಹುಡುಗರು ತೋಳು ಹಿಡಿದು ಎಳೆದರು, ಕೆಳಗಿನಿಂದ ಸೊಸೆ ನೂಕಿದಳು. ಸೊಸೆ ಹತ್ತುವಷ್ಟರಲ್ಲಿ ಗಾಡಿ ಹೊರಟಿತ್ತು. ಇದಕ್ಕೆ ತಂತಿಯೂ ಪರಿಹಾರವಲ್ಲ, ಮೆಮುವೂ ಪೂರ್ತಿ ಪರಿಹಾರವಲ್ಲ. ಫ್ರಾನ್ಸಿನವರು ಪ್ಲಾಟ್‌ಫಾರಂ ಕೆತ್ತಿದರು, ನಾವು ಎತ್ತರಿಸಬೇಕು.

ಮಂಗಳೂರಿನಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 85 ಕಿ.ಮೀ., ಸವಾಯ್‌ನ ಆ ಪ್ರಯೋಗದ ಹಳಿಗಿಂತ ಸ್ವಲ್ಪ ಉದ್ದ ಅಷ್ಟೆ. ಕುಕ್ಕೆಗೆ ಹೋಗುವ ಭಕ್ತರು, ಪುತ್ತೂರಿನ ಕಾಲೇಜುಗಳಿಗೆ ಬರುವ ಮಕ್ಕಳು, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು, ಸಂಜೆ ಕೆಲಸ ಬಿಟ್ಟು ಮನೆ ಸೇರಬೇಕಾದವರು, ಎಲ್ಲರೂ ಈ ಉದ್ದದೊಳಗೇ ಇದ್ದಾರೆ. ಹಳಿ ಇದೆ. ತಂತಿಯಲ್ಲಿ ಕರೆಂಟಿದೆ. ಎರಡು ಮೆಮು ರೇಕುಗಳು ಬೆಳಗಿನಿಂದ ರಾತ್ರಿಯವರೆಗೆ ಹೋಗಿ ಬಂದು ಮಾಡಿದರೆ ಎಲ್ಲ ನಿಲ್ದಾಣಗಳಿಗೂ ಹೊತ್ತಿಗೆ ಸರಿಯಾಗಿ ರೈಲು ಸಿಗುತ್ತದೆ.

ಇನ್ನು ಮುಂದೆ ಮನವಿ ಬರೆಯುವವರು, ಸಂಘಗಳವರು, ಪಂಚಾಯತಿನವರು, ಶಾಸಕರಿಗೆ ಸಂಸದರಿಗೆ ಅರ್ಜಿ ಕೊಡುವವರು “ಹೊಸ ರೈಲು ಕೊಡಿ” ಎಂದಷ್ಟೇ ಬರೆದು ನಿಲ್ಲಿಸಬೇಡಿ. ಮಂಗಳೂರು ಸೆಂಟ್ರಲ್–ಸುಬ್ರಹ್ಮಣ್ಯ ರೋಡ್ ಮೆಮು ಎಂದು ಬರೆಯಿರಿ, ಹೊರಡುವ ಹೊತ್ತು ಬರೆಯಿರಿ, ನಿಲುಗಡೆಗಳ ಪಟ್ಟಿಯಲ್ಲಿ ನೇರಳಕಟ್ಟೆ, ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳ ಎಂದು ಒಂದೊಂದನ್ನೂ ಹೆಸರು ಹಿಡಿದು ಬರೆಯಿರಿ. ಒಂದು ಪ್ರತಿ ಹುಬ್ಬಳ್ಳಿಗೆ, ಒಂದು ಪ್ರತಿ ಚೆನ್ನೈಗೆ.